ಪೇಟಿ, ಪುರಾಣ, ಖಯಾಲು: ಮಲಪ್ರಭೆಯ ಸೀಮೆಯ ಕೇಳುಗರು

ಶಾಸ್ತ್ರೀಯ ಸಂಗೀತ ದೊಡ್ಡವರ ಸೊತ್ತು ಎಂಬ ಮಾತನ್ನು ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ನಿಂತು ಒಪ್ಪಿಕೊಳ್ಳುವುದು ಕಷ್ಟ. ಅದನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವುದೂ ಅಷ್ಟೇ ಕಷ್ಟ. ಇಲ್ಲಿ ಕೇಳುವ ಬಾಗಿಲು ಬಹುಕಾಲ ತೆರೆದೇ ಇತ್ತು. ಕಲಿಯುವ ಬಾಗಿಲು ಮಾತ್ರ ಇಕ್ಕಟ್ಟಾಗಿತ್ತು. ಎರಡನ್ನೂ ಕಲಸಿ ವಾದ ಮಾಡುವುದರಿಂದಲೇ ಈ ಚರ್ಚೆ ಮುಗಿಯುವುದಿಲ್ಲ.

ಹಿಂದುಸ್ತಾನಿ ಗಾಯನದ ಖಯಾಲು ಈ ಭಾಗಕ್ಕೆ ಬಂದದ್ದು ಅರಮನೆಗಳ ದಾರಿಯಲ್ಲಿಯೇ. ಮೀರಜದ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಹೋಗಿ ಬರುವಾಗ ಹುಬ್ಬಳ್ಳಿ-ಧಾರವಾಡದಲ್ಲಿ ಇಳಿದುಕೊಳ್ಳುತ್ತಿದ್ದರು. ಭಾಸ್ಕರಬುವಾ ಬಖಲೆ ಧಾರವಾಡದಲ್ಲಿ ಪಾಠ ಹೇಳಿದರು, ರಾಮಕೃಷ್ಣಬುವಾ ವಝೆ ಬೆಳಗಾವಿಯಲ್ಲಿ ಇದ್ದರು. ಬೈಠಕ್ಕುಗಳು ನಡೆಯುತ್ತಿದ್ದುದು ಇನಾಮದಾರರ ವಾಡೆಗಳಲ್ಲಿ, ವಕೀಲರ ಪಡಸಾಲೆಗಳಲ್ಲಿ. ಹೊಲದಿಂದ ಬಂದವನಿಗೆ ಅಲ್ಲಿ ಜಾಗವಿರಲಿಲ್ಲ. ಕಥೆ ಅಲ್ಲಿಗೇ ನಿಂತಿದ್ದರೆ ‘ದೊಡ್ಡವರ ಸೊತ್ತು’ ಎಂಬ ಆಕ್ಷೇಪ ನೂರಕ್ಕೆ ನೂರು ಸರಿ ಎನ್ನಬಹುದಿತ್ತು.

ಈ ಸಂಗೀತವನ್ನು ವಾಡೆಯಿಂದ ಹೊರಗೆ ಎಳೆದು ತಂದದ್ದು ಕಂಪನಿ ನಾಟಕ. ಹಳೆಯ ನಾಟಕಗಳ ಪದ್ಯಾವಳಿ ತೆಗೆದರೆ ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳ ಅಚ್ಚಾಗಿರುತ್ತವೆ: ಭೀಮಪಲಾಸ, ತ್ರಿತಾಳ, ಜೋಗಿಯಾ, ದಾದ್ರಾ. ಪೇಟಿ (ಹಾರ್ಮೋನಿಯಂ) ಮಾಸ್ತರ ಸುರ ಹಿಡಿದ ಕೂಡಲೇ ನೆಲದ ಟಿಕೀಟಿನವರು ತುದಿಗಾಲಲ್ಲಿ ಕೂಡುವರು, ತಾನ್ ಚೆನ್ನಾಗಿ ಬಿದ್ದರೆ ‘ವನ್ಸ್ ಮೋರ್’ ಕೂಗುವರು. ರಾಗದ ಹೆಸರು ಅವರಿಗೆ ಬೇಕಿರಲಿಲ್ಲ. ಕೋಮಲ ನಿಷಾದ ತಪ್ಪಿದರೆ ಮಾತ್ರ ಮುಖ ಹುಳ್ಳಗಾಗುತ್ತಿತ್ತು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ರಂಗನಟ ಏಣಗಿ ಬಾಳಪ್ಪನವರು ಆ ರಂಗಸಂಗೀತವನ್ನು ಊರೂರು ತಿರುಗಿ ಉಣಬಡಿಸಿದರು. 2017ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಮಲ್ಲಿಕಾರ್ಜುನ ಮನ್ಸೂರರೂ ಬಾಲನಟನಾಗಿ ಕಂಪನಿಯಲ್ಲಿ ಹಾಡುತ್ತಿದ್ದವರೇ. ಅವರ ಕಂಠಕ್ಕೆ ಮನಸೋತ ಮೀರಜದ ನೀಲಕಂಠಬುವಾ ಅವರನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ಆಮೇಲೆ ಮಂಜಿ ಖಾನ್, ಭೂರ್ಜಿ ಖಾನರ ಜೈಪುರ ಗಾಯಕಿ. ರಂಗದಿಂದ ಘರಾಣೆಗೆ ಏರಿದ ದಾರಿ ಇದು.

ಇನ್ನೊಂದು ದಾರಿ ಮಠ. ಮುರಗೋಡ ಹೇಳಿ ಕೇಳಿ ದುರದುಂಡೇಶ್ವರ ಮಠದ ಊರು, ಚಿದಂಬರೇಶ್ವರನ ಊರು. ಈ ಸೀಮೆಯಲ್ಲಿ ಶ್ರಾವಣ ಬಂತೆಂದರೆ ಪುರಾಣ. ಪುರಾಣವೆಂದರೆ ಶಾಸ್ತ್ರಿಗಳ ಜೊತೆಗೆ ಒಬ್ಬ ಗವಾಯಿ, ಒಬ್ಬ ತಬಲಾದವ. ಶಾಸ್ತ್ರಿಗಳು ಕಥೆಗೆ ತಡೆ ಕೊಟ್ಟಲ್ಲಿ ಗವಾಯಿ ವಚನವೊಂದನ್ನು ಎತ್ತಿಕೊಂಡು ನಾಲ್ಕು ಆಲಾಪ ಮಾಡಿ ಭೈರವಿಯಲ್ಲಿ ಇಳಿಸುವನು. ಎದುರಿಗೆ ಶೇಂಗಾ ಬಿಡಿಸಿ ಬಂದ ಹೆಂಗಸರು, ನಿದ್ದೆಗಣ್ಣಿನ ಮಕ್ಕಳು. ಈ ಗವಾಯಿಗಳಲ್ಲಿ ಬಹುಪಾಲು ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ತಯಾರಾದವರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮತ್ತು ಬಡ ಮಕ್ಕಳಿಗೆ ಅನ್ನ, ಆಸರೆ, ಪಾಠ ಮೂರನ್ನೂ ಕೊಟ್ಟರು. ಖರ್ಚಿಗೆ ನಾಟಕ ಕಂಪನಿ ನಡೆಸಿದರು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದನ್ನು ಸಂಗೀತದ ಚರಿತ್ರೆ ದೊಡ್ಡದಾಗಿ ಬರೆಯುತ್ತದೆ. ಗದಗಿನ ಕೆಲಸ ಅದಕ್ಕಿಂತ ಸಣ್ಣದೆಂದು ನನಗನಿಸಿಲ್ಲ.

ಆದರೆ ಕಲಿಯುವ ಬಾಗಿಲು? 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿ ಗಂಗೂಬಾಯಿ ಹಾನಗಲ್‌ಗೆ, ಊಟವಾದ ಮೇಲೆ ತನ್ನಿಂದ ಎಂಜಲೆಲೆ ತೆಗೆಸುವರೇನೋ ಎಂಬ ಅಂಜಿಕೆ ಇತ್ತಂತೆ. ಹಾಡು ಗಾಂಧೀಜಿಯ ಕಿವಿ ಮುಟ್ಟಿತು, ಜಾತಿ ಪಂಕ್ತಿಯಲ್ಲಿ ಕಾದು ನಿಂತಿತ್ತು. ಮುಂದೆ ಆಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿ ಸವಾಯಿ ಗಂಧರ್ವರ ಹತ್ತಿರ ಕಲಿತಳು. ಬೀದಿಯವರ ಕುಹಕವನ್ನೂ ಉಂಡಳು. ಅದೇ 1924ರಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು, ಮುಂಬಯಿಯ ದೇವಧರರ ಶಾಲೆ ಸೇರಬೇಕಾಯಿತು. ಗದಗದ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿ ಮನೆಬಿಟ್ಟು ಓಡಿದರು. ಓಡಿ ಗೆದ್ದವರ ಕಥೆ ನಮಗೆ ಗೊತ್ತು. ಓಡಲಾರದೆ ಎತ್ತಿನ ಹಿಂದೆ ನಿಂತ ಕಂಠಗಳ ಲೆಕ್ಕ ಯಾರಿಟ್ಟಿದ್ದಾರೆ?

1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಕೇಳಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮನ್ಸೂರರ, ಬಸವರಾಜ ರಾಜಗುರುಗಳ ವಚನಗಾಯನ ಪಂಚಾಯ್ತಿ ರೇಡಿಯೋದಿಂದ ಕಟ್ಟೆಗೆ ಬಂತು. ಆದರೆ ಇದೇ ಮನ್ಸೂರರು ಶಿವಮತ ಭೈರವವನ್ನೋ ಖಟ್ ರಾಗವನ್ನೋ ಹಾಡುವಾಗ ಪಳಗಿದ ಕಿವಿಯವರೂ ತಡವರಿಸುತ್ತಿದ್ದರು. ಆ ಕಷ್ಟ ನಿಜವಾದದ್ದು, ಅದನ್ನು ಮುಚ್ಚಿಡಬೇಕಿಲ್ಲ. ವಚನ ಕೇಳಿದವರೆಲ್ಲ ವಿಲಂಬಿತ ಖಯಾಲಿಗೆ ಏರಲಿಲ್ಲ. ಬಹಳ ಮಂದಿ ವಚನದಲ್ಲೇ ಉಳಿದರು. ಅದನ್ನು ಅವರ ಕೊರತೆ ಎನ್ನುವವರಲ್ಲಿ ನಾನು ಸೇರಿಲ್ಲ.

ಈಗಿನ ಚಿತ್ರ ಬೇರೆ. ಕಂಪನಿಗಳು ಸೊರಗಿವೆ, ಉಳಿದವುಗಳಲ್ಲಿ ಪೇಟಿಯ ಜಾಗಕ್ಕೆ ಕೀಬೋರ್ಡು ಬಂದಿದೆ, ಹಾಸ್ಯ ಹಾಡನ್ನು ನುಂಗಿದೆ. ಧಾರವಾಡದ ಎಷ್ಟೋ ಕಛೇರಿಗಳಿಗೆ ಟಿಕೀಟೇ ಇಲ್ಲ, ಕುರ್ಚಿಗಳೂ ಖಾಲಿ ಇರುತ್ತವೆ. ಆದರೆ ಮುಖ್ಯ ಗಾಯಕರು ವೇದಿಕೆಗೆ ಬರುವ ಹೊತ್ತಿಗೆ ಹಳ್ಳಿಯ ಕಡೆಗೆ ವಸ್ತಿ ಬಸ್ಸು ಹೊರಟುಹೋಗಿರುತ್ತದೆ. ಸ್ವಾಗತ, ಸನ್ಮಾನ, ಪ್ರಾಸ್ತಾವಿಕಗಳಲ್ಲಿ ಒಂದು ತಾಸು ಉಳಿಸಿದರೆ ಬೈಲಹೊಂಗಲದವನೂ ಒಂದು ಬಡಾ ಖಯಾಲು ಕೇಳಿ ಮನೆ ಮುಟ್ಟಬಹುದು. ಮೊಬೈಲಿನಲ್ಲಿ ಮನ್ಸೂರರು ಬೇಕಾದಾಗ ಸಿಗುತ್ತಾರೆ, ಹುಡುಕಬೇಕೆಂದು ಗೊತ್ತಿದ್ದವರಿಗೆ. ಹುಡುಕುವ ಆಸೆ ಹುಟ್ಟಿಸುವ ಕೆಲಸವನ್ನು ಈ ಸೀಮೆಯಲ್ಲಿ ಇಂದಿಗೂ ಹೆಚ್ಚಾಗಿ ಮಾಡುತ್ತಿರುವವನು ಪುರಾಣದ ಗವಾಯಿ. ಅವನಿಗೆ ಕೆಲಸ ಸಿಗುವುದು ವರ್ಷದಲ್ಲಿ ಶ್ರಾವಣ ಮತ್ತು ಜಾತ್ರೆಗಳ ನಾಲ್ಕಾರು ವಾರ.