ಲೀ ಕ್ರಾಸ್ನರ್ ಸಿಂಹಾವಲೋಕನ ಪ್ರದರ್ಶನ (1983–1985)

ಲೀ ಕ್ರಾಸ್ನರ್ ಸಿಂಹಾವಲೋಕನ ಪ್ರದರ್ಶನವು ಅಮೆರಿಕದ ಅಮೂರ್ತ ಅಭಿವ್ಯಕ್ತಿವಾದಿ ಚಿತ್ರಕಲಾವಿದೆ ಲೀ ಕ್ರಾಸ್ನರ್ (1908–1984) ಅವರ ಸುಮಾರು ಐದು ದಶಕಗಳ ಕಲಾಸಾಧನೆಯನ್ನು ಒಂದೆಡೆ ತೋರಿಸಿದ ಪ್ರದರ್ಶನ. ಕಲಾ ಇತಿಹಾಸಕಾರ್ತಿ ಬಾರ್ಬರಾ ರೋಸ್ ಇದನ್ನು ರೂಪಿಸಿದರು. 1983ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಆರಂಭವಾದ ಪ್ರದರ್ಶನವು ಹಲವು ನಗರಗಳಲ್ಲಿ ಸಂಚರಿಸಿ, ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ (ಮೋಮಾ) ಕೊನೆಗೊಂಡಿತು. ಅಮೆರಿಕದಲ್ಲಿ ಕ್ರಾಸ್ನರ್ ಅವರ ಸಮಗ್ರ ಕೃತಿಗಳ ಮೊದಲ ಸಿಂಹಾವಲೋಕನ ಇದಾಗಿತ್ತು. ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ ಪತ್ನಿ ಎಂದೇ ಬಹುಕಾಲ ಗುರುತಿಸಲ್ಪಟ್ಟಿದ್ದ ಕ್ರಾಸ್ನರ್, ಸ್ವತಂತ್ರ ಕಲಾವಿದೆಯಾಗಿ ಮನ್ನಣೆ ಪಡೆಯುವಲ್ಲಿ ಈ ಪ್ರದರ್ಶನದ ಪಾತ್ರ ದೊಡ್ಡದು.

ಪದದ ಅರ್ಥ

ಮುಂದೆ ಸಾಗುವ ಸಿಂಹವು ನಡುವೆ ನಿಂತು ಹಿಂದಿರುಗಿ ನೋಡುವಂತೆ, ಕಳೆದುದನ್ನು ಮತ್ತೆ ಅವಲೋಕಿಸುವುದೇ ಸಿಂಹಾವಲೋಕನ. ಕಲಾಲೋಕದಲ್ಲಿ, ಒಬ್ಬ ಕಲಾವಿದರ ಆರಂಭದ ಅಭ್ಯಾಸಚಿತ್ರಗಳಿಂದ ಹಿಡಿದು ಪಕ್ವ ಕೃತಿಗಳವರೆಗಿನ ಬೆಳವಣಿಗೆಯನ್ನು ಕ್ರಮವಾಗಿ ತೋರಿಸುವ ಪ್ರದರ್ಶನಕ್ಕೆ ಈ ಹೆಸರಿದೆ. ಅಮೂರ್ತ ಅಭಿವ್ಯಕ್ತಿವಾದವು 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡ ಚಿತ್ರಕಲಾ ಪಂಥ. ಕಣ್ಣಿಗೆ ಕಾಣುವ ವಸ್ತುವಿನ ಅನುಕರಣೆಯನ್ನು ಬಿಟ್ಟು, ಬಣ್ಣ, ರೇಖೆ ಮತ್ತು ಕೈಯ ಚಲನೆಯ ಮೂಲಕವೇ ಭಾವವನ್ನು ಹೊಮ್ಮಿಸುವುದು ಇದರ ಲಕ್ಷಣ.

ಹಿನ್ನೆಲೆ

ಕ್ರಾಸ್ನರ್ 1908ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದಿದ್ದ ಯಹೂದಿ ಕುಟುಂಬದಲ್ಲಿ ಜನಿಸಿದರು. ಕೂಪರ್ ಯೂನಿಯನ್ ಹಾಗೂ ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್ ಸಂಸ್ಥೆಗಳಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಆರ್ಥಿಕ ಮಹಾಕುಸಿತದ ವರ್ಷಗಳಲ್ಲಿ ಕಲಾವಿದರಿಗೆ ಉದ್ಯೋಗ ನೀಡುತ್ತಿದ್ದ ಸರ್ಕಾರಿ ಯೋಜನೆಯಲ್ಲಿ ದುಡಿದರು. 1937ರಿಂದ ಜರ್ಮನ್ ಮೂಲದ ಕಲಾಗುರು ಹಾನ್ಸ್ ಹಾಫ್‌ಮನ್ ಅವರ ಶಾಲೆಯಲ್ಲಿ ಕಲಿತರು. ಅವರ ಚಿತ್ರವೊಂದನ್ನು ಕಂಡ ಗುರುಗಳು, ಹೆಣ್ಣೊಬ್ಬಳು ಬಿಡಿಸಿದ್ದೆಂದು ತಿಳಿಯದಷ್ಟು ಚೆನ್ನಾಗಿದೆ ಎಂಬ ಅರ್ಥದಲ್ಲಿ ಮೆಚ್ಚುಗೆ ಸೂಚಿಸಿದ್ದನ್ನು ಕ್ರಾಸ್ನರ್ ಮುಂದೆ ನೆನಪಿಸಿಕೊಂಡಿದ್ದಾರೆ.

1945ರಲ್ಲಿ ಅವರು ಪೊಲಾಕ್ ಅವರನ್ನು ವಿವಾಹವಾಗಿ, ಲಾಂಗ್ ಐಲೆಂಡಿನ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ನೆಲೆಸಿದರು. ಮನೆಯ ಕೊಟ್ಟಿಗೆ ಪೊಲಾಕ್ ಅವರ ಚಿತ್ರಶಾಲೆಯಾಯಿತು. ಕ್ರಾಸ್ನರ್ ಮಹಡಿಯ ಮಲಗುವ ಕೋಣೆಯೊಂದರಲ್ಲಿ ಚಿತ್ರ ಬಿಡಿಸಿದರು. ಅಮೂರ್ತ ಚಿತ್ರಕಾರರ ಸಮೂಹಚಿತ್ರವೆಂದು ಪ್ರಸಿದ್ಧವಾದ, 1951ರ ಜನವರಿಯಲ್ಲಿ ಲೈಫ್ ಪತ್ರಿಕೆ ಪ್ರಕಟಿಸಿದ ಛಾಯಾಚಿತ್ರದಲ್ಲಿ ಪೊಲಾಕ್ ಇದ್ದಾರೆ, ಕ್ರಾಸ್ನರ್ ಇಲ್ಲ. ಅದರಲ್ಲಿರುವ ಏಕೈಕ ಮಹಿಳೆ ಹೆಡಾ ಸ್ಟರ್ನ್.

ಹ್ಯೂಸ್ಟನ್ ಪ್ರದರ್ಶನಕ್ಕೆ ಮುನ್ನ, 1965ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿ ಕ್ರಾಸ್ನರ್ ಅವರ ಸಿಂಹಾವಲೋಕನವನ್ನು ಏರ್ಪಡಿಸಿತ್ತು. 1973ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಅವರ ದೊಡ್ಡ ಚಿತ್ರಗಳನ್ನು ಪ್ರದರ್ಶಿಸಿತು. ತಾಯ್ನಾಡಿನಲ್ಲಿ ಸಮಗ್ರ ಪ್ರದರ್ಶನ ನಡೆಯುವ ಹೊತ್ತಿಗೆ ಅವರಿಗೆ 75 ವರ್ಷ ತುಂಬಿತ್ತು.

ಕಲಾಜೀವನದ ಘಟ್ಟಗಳು

ಕ್ರಾಸ್ನರ್ ಅವರ ಕಲಾಜೀವನವನ್ನು ಸಾಮಾನ್ಯವಾಗಿ ಕೆಳಗಿನ ಘಟ್ಟಗಳಾಗಿ ವಿಂಗಡಿಸಲಾಗುತ್ತದೆ.

ಕಿರುಚಿತ್ರಗಳು (1946–1950): 'ಲಿಟಲ್ ಇಮೇಜ್' ಎಂದು ಕರೆಯಲಾಗುವ ಈ ಸರಣಿಯ ಚಿಕ್ಕ ಕ್ಯಾನ್ವಾಸ್‌ಗಳ ಮೇಲೆ, ಓದಲಾಗದ ಲಿಪಿಯನ್ನು ಹೋಲುವ ಗುರುತುಗಳು ಒತ್ತೊತ್ತಾಗಿ ಹರಡಿಕೊಂಡಿವೆ.

ಕೊಲಾಜ್‌ಗಳು (1953–1955): 1951ರಲ್ಲಿ ಬೆಟ್ಟಿ ಪಾರ್ಸನ್ಸ್ ಗ್ಯಾಲರಿಯಲ್ಲಿ ನಡೆದ ಅವರ ಮೊದಲ ಏಕವ್ಯಕ್ತಿ ಪ್ರದರ್ಶನದ ಚಿತ್ರಗಳು ಮಾರಾಟವಾಗಲಿಲ್ಲ. ಅವರು ತಮ್ಮ ಹಳೆಯ ರೇಖಾಚಿತ್ರಗಳನ್ನು ಹರಿದು, ಕ್ಯಾನ್ವಾಸ್‌ಗಳನ್ನು ಕತ್ತರಿಸಿ, ಆ ತುಣುಕುಗಳನ್ನು ಅಂಟಿಸಿ ಹೊಸ ಕೃತಿಗಳನ್ನು ರಚಿಸಿದರು. 1951ರ ಹಲವು ಚಿತ್ರಗಳು ಇವಕ್ಕೆ ಹಿನ್ನೆಲೆಯ ಹಲಗೆಗಳಂತೆ ಬಳಕೆಯಾದವು. 'ಬಾಲ್ಡ್ ಈಗಲ್' (1955) ಕೃತಿಯಲ್ಲಿ ಪೊಲಾಕ್ ಅವರು ಕೈಬಿಟ್ಟ ಚಿತ್ರಗಳ ಚೂರುಗಳೂ ಸೇರಿವೆ.

ವಿಯೋಗದ ನಂತರ (1956–1962): 1956ರ ಆಗಸ್ಟ್ 11ರಂದು ಪೊಲಾಕ್ ಕಾರು ಅಪಘಾತದಲ್ಲಿ ಮೃತಪಟ್ಟಾಗ ಕ್ರಾಸ್ನರ್ ಯುರೋಪಿನಲ್ಲಿದ್ದರು. ತರುವಾಯ ಅವರು ಕೊಟ್ಟಿಗೆಯ ಚಿತ್ರಶಾಲೆಯನ್ನು ಬಳಸತೊಡಗಿದರು. ಕ್ಯಾನ್ವಾಸ್‌ಗಳ ಅಳತೆಯೂ ಹಿಗ್ಗಿತು. 'ದ ಸೀಸನ್ಸ್' (1957) 5 ಮೀಟರಿಗೂ ಹೆಚ್ಚು ಅಗಲವಿದ್ದು, ಸಸ್ಯಗಳನ್ನು ನೆನಪಿಸುವ ದುಂಡನೆಯ ಆಕಾರಗಳಿಂದ ತುಂಬಿದೆ. ಬಳಿಕ ನಿದ್ರಾಹೀನತೆಯಿಂದ ಬಳಲಿದ ಅವರು ರಾತ್ರಿಯ ಹೊತ್ತು ಚಿತ್ರ ಬಿಡಿಸಿದರು. ಕೃತಕ ಬೆಳಕಿನಲ್ಲಿ ಬಣ್ಣಗಳನ್ನು ಬಳಸಲು ಒಪ್ಪದೆ, ಕಂದು ಮತ್ತು ಬಿಳಿ ಛಾಯೆಗಳಿಗೆ ತಮ್ಮನ್ನು ಸೀಮಿತಗೊಳಿಸಿಕೊಂಡರು.

ಮತ್ತೆ ಬಣ್ಣ, ಮತ್ತೆ ಕತ್ತರಿ (1963ರ ನಂತರ): 'ಗೇಯಾ' (1966) ಮುಂತಾದ ಚಿತ್ರಗಳಲ್ಲಿ ಉಜ್ವಲ ವರ್ಣಗಳು ಮರಳಿದವು. 1976–77ರಲ್ಲಿ ಅವರು ಹಾಫ್‌ಮನ್ ಶಾಲೆಯಲ್ಲಿ ಬಿಡಿಸಿದ್ದ ಇದ್ದಿಲಿನ ರೇಖಾಚಿತ್ರಗಳನ್ನೇ ಕತ್ತರಿಸಿ ಕೊಲಾಜ್ ಸರಣಿಯೊಂದನ್ನು ರಚಿಸಿದರು. ಅವುಗಳ ಶೀರ್ಷಿಕೆಗಳನ್ನು ಇಂಗ್ಲಿಷ್ ವ್ಯಾಕರಣದ ಕ್ರಿಯಾಪದ ರೂಪಗಳಿಂದ ಆರಿಸಿಕೊಂಡರು. ವಿಧ್ಯರ್ಥ ಎಂಬ ಅರ್ಥದ 'ಇಂಪೆರೆಟಿವ್' (1976) ಇವುಗಳಲ್ಲೊಂದು.

ನ್ಯೂಯಾರ್ಕಿನ ಪ್ರದರ್ಶನ

ಪ್ರದರ್ಶನವು ಸಂಚಾರದಲ್ಲಿದ್ದಾಗಲೇ, 1984ರ ಜೂನ್ 19ರಂದು, ಕ್ರಾಸ್ನರ್ ನಿಧನರಾದರು. ಅವರು ಹುಟ್ಟಿ ಬೆಳೆದ ನಗರದ ಮೋಮಾದಲ್ಲಿ ಪ್ರದರ್ಶನ ತೆರೆದುಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಪೊಲಾಕ್ ಅವರಿಗಾಗಿ ಇದೇ ಸಂಸ್ಥೆ ಪ್ರದರ್ಶನ ಏರ್ಪಡಿಸಿದ್ದು 1956ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡ ನಾಲ್ಕು ತಿಂಗಳಿಗೆ. ಈ ಎರಡು ಪ್ರದರ್ಶನಗಳ ನಡುವಿನ ಅಂತರ 28 ವರ್ಷ.

ಮಹತ್ವ

ಪೊಲಾಕ್, ರಾತ್ಕೊ ಮೊದಲಾದವರ ಚಿತ್ರಗಳನ್ನು ನೋಡಿದೊಡನೆ ಗುರುತಿಸಬಹುದು. ಕ್ರಾಸ್ನರ್ ಮಾತ್ರ ಕೆಲವು ವರ್ಷಗಳಿಗೊಮ್ಮೆ ತಮ್ಮ ಶೈಲಿಯನ್ನು ಬದಲಿಸುತ್ತಿದ್ದರು. ಬಿಡಿ ಬಿಡಿಯಾಗಿ ನೋಡಿದಾಗ ಅವು ಬೇರೆ ಬೇರೆ ಕೈಗಳ ಕೆಲಸದಂತೆ ತೋರುವುದುಂಟು. ಒಂದು ಕಾಲದ ಕೃತಿಯನ್ನು ಕತ್ತರಿಸಿ ಇನ್ನೊಂದು ಕಾಲದ ಕೃತಿಯನ್ನು ಕಟ್ಟಿದ ಕಲಾವಿದೆಯ ವಿಷಯದಲ್ಲಿ, ಹಿಂದಿನದನ್ನೂ ಇಂದಿನದನ್ನೂ ಜೊತೆಗಿರಿಸಿದಾಗ ಮಾತ್ರ ಅವುಗಳ ನಂಟು ಸ್ಪಷ್ಟವಾಗುತ್ತದೆ. ಈ ಕಾರಣದಿಂದ ಸಿಂಹಾವಲೋಕನವು ಕ್ರಾಸ್ನರ್ ಅವರಿಗೆ ಸಂದ ಗೌರವ ಮಾತ್ರವಲ್ಲದೆ, ಅವರ ಕಲೆಯನ್ನು ಅರಿಯುವ ಅಗತ್ಯ ಸಾಧನವೂ ಆಯಿತು.

ನಂತರದ ಬೆಳವಣಿಗೆಗಳು

ಕ್ರಾಸ್ನರ್ ಅವರ ಉಯಿಲಿನಂತೆ 1985ರಲ್ಲಿ ಪೊಲಾಕ್–ಕ್ರಾಸ್ನರ್ ಪ್ರತಿಷ್ಠಾನ ಸ್ಥಾಪನೆಯಾಯಿತು. ನೆರವಿನ ಅಗತ್ಯವಿರುವ ಕಲಾವಿದರಿಗೆ ಅದು ಧನಸಹಾಯ ನೀಡುತ್ತಿದೆ. ಸ್ಪ್ರಿಂಗ್ಸ್‌ನ ಮನೆ ಮತ್ತು ಚಿತ್ರಶಾಲೆ ಈಗ ವಸ್ತುಸಂಗ್ರಹಾಲಯ ಹಾಗೂ ಅಧ್ಯಯನ ಕೇಂದ್ರವಾಗಿವೆ. 2019ರಲ್ಲಿ ಲಂಡನ್ನಿನ ಬಾರ್ಬಿಕನ್ ಕೇಂದ್ರ 'ಲಿವಿಂಗ್ ಕಲರ್' ಎಂಬ ಹೆಸರಿನಲ್ಲಿ ಕ್ರಾಸ್ನರ್ ಅವರ ಮತ್ತೊಂದು ಸಿಂಹಾವಲೋಕನವನ್ನು ಏರ್ಪಡಿಸಿತು. ಅದು ಫ್ರಾಂಕ್‌ಫರ್ಟ್, ಬರ್ನ್ ಮತ್ತು ಬಿಲ್ಬಾವೊ ನಗರಗಳಲ್ಲಿಯೂ ನಡೆಯಿತು.