ಪಣಿಕ್ಕರ್, ಕಾವಾಲಂ ಮಾಧವ (1895–1963)

ಸರ್ದಾರ್ ಪಣಿಕ್ಕರ್ ಎಂದು ಪ್ರಸಿದ್ಧರಾದ ಕೆ. ಎಂ. ಪಣಿಕ್ಕರ್ ಇತಿಹಾಸಕಾರರು, ರಾಜ್ಯಶಾಸ್ತ್ರದ ಚಿಂತಕರು, ಸ್ವತಂತ್ರ ಭಾರತದ ಮೊದಲ ತಲೆಮಾರಿನ ರಾಯಭಾರಿಗಳಲ್ಲಿ ಒಬ್ಬರು ಹಾಗೂ ಮಲಯಾಳಂ ಸಾಹಿತಿ. ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದಾಗ, 1963ರ ಡಿಸೆಂಬರ್ 10ರಂದು, ಮೈಸೂರಿನಲ್ಲಿಯೇ ನಿಧನರಾದರು. ಕನ್ನಡನಾಡಿನ ಗಡಿಗಳನ್ನು ನಿರ್ಧರಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಒಬ್ಬರಾಗಿದ್ದುದರಿಂದ ಕರ್ನಾಟಕದ ಆಧುನಿಕ ಚರಿತ್ರೆಯಲ್ಲಿ ಅವರ ಹೆಸರು ಗೌರವ ಮತ್ತು ಅಸಮಾಧಾನ ಎರಡರೊಂದಿಗೂ ಸೇರಿಕೊಂಡಿದೆ.

ತಿರುವಾಂಕೂರು ಸಂಸ್ಥಾನದ ಕುಟ್ಟನಾಡಿನ ಕಾವಾಲಂ ಗ್ರಾಮದಲ್ಲಿ 1895ರ ಜೂನ್ 3ರಂದು ಜನಿಸಿದ ಪಣಿಕ್ಕರ್ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿಯೂ ಓದಿದರು. ಇಂಗ್ಲೆಂಡಿನಿಂದ ಮರಳಿ ಅಲೀಗಢದಲ್ಲಿ ಕೆಲಕಾಲ ಬೋಧಿಸಿದ ಅವರು ಅನಂತರ ಪತ್ರಿಕೋದ್ಯಮಕ್ಕೆ ಬಂದು, 1924ರಲ್ಲಿ ದೆಹಲಿಯಲ್ಲಿ ಆರಂಭವಾದ ಹಿಂದೂಸ್ತಾನ್ ಟೈಮ್ಸ್ ಪತ್ರಿಕೆಯ ಮೊದಲ ಸಂಪಾದಕರಾದರು.

ಅವರ ರಾಜಕೀಯ ಚಿಂತನೆ ಹದಗೊಂಡದ್ದು ದೇಶೀಯ ಸಂಸ್ಥಾನಗಳ ಸಮಸ್ಯೆಯನ್ನು ಅಭ್ಯಸಿಸುತ್ತಲೇ. ಒಳಾಡಳಿತವನ್ನು ಅರಸರಿಗೆ ಬಿಟ್ಟು, ರಕ್ಷಣೆ ಮತ್ತು ವಿದೇಶ ವ್ಯವಹಾರಗಳನ್ನು ತನ್ನಲ್ಲಿಯೇ ಉಳಿಸಿಕೊಂಡು, ಅಗತ್ಯವೆನಿಸಿದಾಗ ಸಂಸ್ಥಾನದೊಳಗೂ ಕೈಹಾಕುತ್ತಿದ್ದ ಬ್ರಿಟಿಷ್ ಸರ್ಕಾರದ ಮೇಲಧಿಕಾರವನ್ನು ಪರಮಾಧಿಪತ್ಯ ಎನ್ನುತ್ತಿದ್ದರು. ಭಾರತ ಸರ್ಕಾರದೊಂದಿಗೆ ಸಂಸ್ಥಾನಗಳ ಈ ಸಂಬಂಧವನ್ನು ಕುರಿತು ಪಣಿಕ್ಕರ್ 1927ರಲ್ಲಿ ಗ್ರಂಥ ಪ್ರಕಟಿಸಿದರು. ನರೇಂದ್ರ ಮಂಡಲದಲ್ಲಿ, ಅಂದರೆ ದೇಶೀಯ ಅರಸರ ಸಭೆಯಲ್ಲಿ, ಕಾರ್ಯದರ್ಶಿಯಾಗಿ ದುಡಿದ ಅವರು ಕೈಲಾಸ್ ಹಕ್ಸರ್ ಅವರೊಡಗೂಡಿ ಸಂಯುಕ್ತ ಭಾರತದ ಕಲ್ಪನೆಯನ್ನು 1930ರಲ್ಲಿ ಪುಸ್ತಕರೂಪದಲ್ಲಿ ಮುಂದಿಟ್ಟರು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಒಕ್ಕೂಟದ ಪರವಾಗಿ ಮಾತನಾಡಿದ ಕಾಲವೂ ಇದೇ ಆಗಿತ್ತು. ಪಟಿಯಾಲ ಸಂಸ್ಥಾನದಲ್ಲಿ ವಿದೇಶಾಂಗ ಮಂತ್ರಿಯಾಗಿಯೂ ಬಿಕಾನೇರಿನಲ್ಲಿ ಪ್ರಧಾನಮಂತ್ರಿಯಾಗಿಯೂ ಕೆಲಸ ಮಾಡಿದ ಪಣಿಕ್ಕರ್, ಅನೇಕ ಅರಸರು ಇನ್ನೂ ಹಿಂದೆಮುಂದೆ ನೋಡುತ್ತಿದ್ದ 1947ರ ಏಪ್ರಿಲ್‌ನಲ್ಲಿ ಬಿಕಾನೇರ್ ಸಂವಿಧಾನ ಸಭೆಯನ್ನು ಸೇರುವಂತೆ ನೋಡಿಕೊಂಡರು. ಪುಸ್ತಕದಲ್ಲಿ ವಾದಿಸಿದ್ದನ್ನು ಆಡಳಿತದಲ್ಲಿ ನಡೆಸಿ ತೋರಿಸುವ ಅವಕಾಶ ವಿದ್ವಾಂಸರಿಗೆ ಸಿಗುವುದು ಅಪರೂಪ. ಅವರು ಅದನ್ನು ದೇಶದ ಒಗ್ಗಟ್ಟಿಗಾಗಿ ಬಳಸಿಕೊಂಡರು.

1948ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೋದ ಪಣಿಕ್ಕರ್ ನಾನ್‌ಜಿಂಗ್‌ನಲ್ಲಿದ್ದು ಚಿಯಾಂಗ್ ಕೈ-ಷೆಕ್ ಸರ್ಕಾರದ ಪತನವನ್ನು ಕಂಡರು. ಭಾರತವು 1949ರ ಡಿಸೆಂಬರ್ 30ರಂದು ಹೊಸ ಜನತಾ ಗಣರಾಜ್ಯಕ್ಕೆ ಮನ್ನಣೆ ನೀಡಿದ ಬಳಿಕ ಬೀಜಿಂಗ್‌ಗೆ ರಾಯಭಾರಿಯಾಗಿ ಹೋಗಿ 1952ರವರೆಗೆ ಅಲ್ಲಿದ್ದರು. ಕೊರಿಯಾ ಯುದ್ಧ ನಡೆಯುತ್ತಿದ್ದಾಗ, 1950ರ ಅಕ್ಟೋಬರ್ 2ರ ನಡುರಾತ್ರಿ ಕಳೆದ ಮೇಲೆ, ಚೀನಾದ ಪ್ರಧಾನಿ ಚೌ ಎನ್-ಲಾಯ್ ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಸೈನ್ಯ ಉತ್ತರ ಮತ್ತು ದಕ್ಷಿಣ ಕೊರಿಯಾಗಳ ಗಡಿಯಾಗಿದ್ದ 38ನೆಯ ಅಕ್ಷಾಂಶವನ್ನು ದಾಟಿದರೆ ಚೀನಾ ಯುದ್ಧಕ್ಕಿಳಿಯುವುದೆಂದು ತಿಳಿಸಿದರು. ದೆಹಲಿಯ ಮೂಲಕ ಈ ಎಚ್ಚರಿಕೆ ಲಂಡನ್, ವಾಷಿಂಗ್‌ಟನ್‌ಗಳಿಗೆ ತಲುಪಿದರೂ, ಪಣಿಕ್ಕರ್ ಕಮ್ಯುನಿಸ್ಟ್ ಚೀನಾದ ಪಕ್ಷಪಾತಿ ಎಂದು ಮೊದಲೇ ತೀರ್ಮಾನಿಸಿದ್ದ ಅಮೆರಿಕದ ನಾಯಕರು ಅದನ್ನು ಬರಿಯ ಬೆದರಿಕೆಯೆಂದು ತಳ್ಳಿಹಾಕಿದರು. ಅದೇ ತಿಂಗಳು ಚೀನೀ ಪಡೆಗಳು ಯಾಲು ನದಿಯನ್ನು ದಾಟಿ ಯುದ್ಧಕ್ಕಿಳಿದವು. ರಾಯಭಾರಿ ತಲುಪಿಸಿದ ಮಾತು ಅಕ್ಷರಶಃ ನಿಜವಾಗಿತ್ತು.

ಟಿಬೆಟ್ಟಿನ ವಿಷಯದಲ್ಲಿ ಅವರ ಪರವಾಗಿ ಇಷ್ಟು ದೃಢವಾಗಿ ಹೇಳಲಾಗದು. ಅದೇ ಅಕ್ಟೋಬರಿನಲ್ಲಿ ಚೀನೀ ಸೈನ್ಯ ಟಿಬೆಟ್ ಪ್ರವೇಶಿಸಿದಾಗ, ರಾಯಭಾರಿಯು ಚೀನಾದ ನಡೆಯನ್ನು ಅತಿಯಾದ ಸದ್ಭಾವದಿಂದ ಕಂಡು, ಅಗತ್ಯವಿದ್ದಷ್ಟು ಗಟ್ಟಿಯಾಗಿ ಮಾತನಾಡಲಿಲ್ಲವೆಂಬ ಆಕ್ಷೇಪ ಎದ್ದಿತು. ವಲ್ಲಭಭಾಯಿ ಪಟೇಲರು ನವೆಂಬರ್ 7ರಂದು ನೆಹರೂ ಅವರಿಗೆ ಬರೆದ ಪತ್ರದಲ್ಲಿಯೂ ಈ ಟೀಕೆಯಿದೆ. ಪಾಶ್ಚಾತ್ಯ ಪ್ರಾಬಲ್ಯದ ಯುಗ ಮುಗಿಯುತ್ತಿದೆ ಎಂಬ ಐತಿಹಾಸಿಕ ದೃಷ್ಟಿ, 1953ರಲ್ಲಿ ಪ್ರಕಟವಾದ ಅವರ ‘ಏಷ್ಯಾ ಅಂಡ್ ವೆಸ್ಟರ್ನ್ ಡಾಮಿನೆನ್ಸ್’ ಗ್ರಂಥಕ್ಕೆ ವಿಸ್ತಾರವನ್ನು ಕೊಟ್ಟಿತು. ಆದರೆ ಏಷ್ಯಾದ ಒಂದು ಪ್ರಬಲ ರಾಷ್ಟ್ರ ತನ್ನ ನೆರೆಯ ದುರ್ಬಲ ನಾಡಿನ ಮೇಲೆ ನಡೆಸಬಹುದಾದ ಒತ್ತಡವನ್ನು ಅಳೆಯುವಲ್ಲಿ ಆ ದೃಷ್ಟಿ ಸಾಲದೆ ಹೋಯಿತು. ಮುಂದೆ ಈಜಿಪ್ಟಿನಲ್ಲಿಯೂ, 1956ರಿಂದ 1959ರವರೆಗೆ ಫ್ರಾನ್ಸಿನಲ್ಲಿಯೂ ಅವರು ರಾಯಭಾರಿಯಾಗಿದ್ದರು.

ಈ ಎರಡು ನೇಮಕಗಳ ನಡುವೆ, 1953ರ ಡಿಸೆಂಬರಿನಲ್ಲಿ ರಚನೆಯಾದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಅಧ್ಯಕ್ಷ ಫಜಲ್ ಅಲಿ ಮತ್ತು ಹೃದಯನಾಥ ಕುಂಜ್ರು ಅವರೊಂದಿಗೆ ಪಣಿಕ್ಕರ್ ಸದಸ್ಯರಾದರು. ಉತ್ತರಪ್ರದೇಶದಂಥ ಅತಿ ದೊಡ್ಡ ರಾಜ್ಯ ಒಕ್ಕೂಟದ ಸಮತೋಲವನ್ನು ಕೆಡಿಸುವುದೆಂದು ವಾದಿಸಿ, ಅದನ್ನು ವಿಭಜಿಸಬೇಕೆಂದು ಅವರು ಪ್ರತ್ಯೇಕ ಟಿಪ್ಪಣಿ ಬರೆದರು. ಆಯೋಗವು 1955ರ ವರದಿಯಲ್ಲಿ, ಹಳೆಯ ಮೈಸೂರಿನಲ್ಲಿ ಅನೇಕರಿಗಿದ್ದ ಹಿಂಜರಿಕೆಯನ್ನು ಪರಿಶೀಲಿಸಿದ ಮೇಲೆಯೂ, ಮುಂಬಯಿ, ಹೈದರಾಬಾದ್, ಮದರಾಸು ಪ್ರಾಂತಗಳ ಕನ್ನಡ ಪ್ರದೇಶಗಳನ್ನೂ ಕೊಡಗನ್ನೂ ಮೈಸೂರಿನೊಡನೆ ಕೂಡಿಸಿ ಒಂದೇ ರಾಜ್ಯ ಮಾಡಬೇಕೆಂದು ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರು ರಾಜ್ಯಕ್ಕೆ ಇದು ಮುಖ್ಯ ಆಧಾರವಾಯಿತು. ತುಂಗಭದ್ರಾ ಯೋಜನೆಯ ಕಾರಣದಿಂದ ಬಳ್ಳಾರಿಯನ್ನು ಆಂಧ್ರಕ್ಕೆ ಸೇರಿಸಬೇಕೆಂಬ ಆಯೋಗದ ಸಲಹೆ ಜಾರಿಗೆ ಬರಲಿಲ್ಲ. ಆದರೆ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರ ಭಾಗವಾದರೂ ಕನ್ನಡನಾಡಿನಲ್ಲಿ ಉಳಿಯಬೇಕೆಂದು ಕವಿ ಕಯ್ಯಾರ ಕಿಞ್ಞಣ್ಣ ರೈ ಮೊದಲಾದವರು ದಶಕಗಳ ಕಾಲ ಹೋರಾಡಿದರು, ಮತ್ತು 1967ರಲ್ಲಿ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವೂ ಅದನ್ನೇ ಶಿಫಾರಸು ಮಾಡಿತಾದರೂ ಗಡಿ ಬದಲಾಗಲಿಲ್ಲ. ವರದಿ ಮೂವರೂ ಸಹಿ ಮಾಡಿದ್ದಾಗಿರುವುದರಿಂದ ಈ ನಿರ್ಣಯವನ್ನು ಮಲಯಾಳಿಯಾಗಿದ್ದ ಪಣಿಕ್ಕರ್ ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಕಾಸರಗೋಡಿನ ಕನ್ನಡಿಗರ ನೋವು ನಿಜವಾದದ್ದು.

ಮಲಯಾಳಂನಲ್ಲಿ ಕಾವ್ಯ, ನಾಟಕ, ಕಾದಂಬರಿಗಳನ್ನು ಬರೆದ ಅವರು ಕೇರಳ ಸಾಹಿತ್ಯ ಅಕಾಡೆಮಿಯ ಮೊದಲ ಅಧ್ಯಕ್ಷರೂ ಆಗಿದ್ದರು. ಅವರ ‘ಕೇರಳಸಿಂಹಂ’ ಕಾದಂಬರಿಯ ನಾಯಕ, ಬ್ರಿಟಿಷರ ವಿರುದ್ಧ ಹೋರಾಡಿ 1805ರಲ್ಲಿ ಮಡಿದ ಪಳಶ್ಶಿ ರಾಜ.

ಫ್ರಾನ್ಸಿನಲ್ಲಿದ್ದಾಗ ಆರೋಗ್ಯ ಕೆಟ್ಟು ಹಿಂದಿರುಗಿದ ಪಣಿಕ್ಕರ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿ, ಬಳಿಕ ಜಮ್ಮು ಮತ್ತು ಕಾಶ್ಮೀರದಲ್ಲಿ ಉಪಕುಲಪತಿಯಾಗಿ ಕೆಲಸ ಮಾಡಿ ಮೈಸೂರಿಗೆ ಬಂದರು. ಕುವೆಂಪು ಅವರ ಕನಸಾಗಿದ್ದ, ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿ ಆಗಿನ್ನೂ ಬೆಳೆಯುತ್ತಿತ್ತು. ಮೈಸೂರಿನಲ್ಲಿ ಅವರ ಅಧಿಕಾರಾವಧಿ ಅಲ್ಪಕಾಲದ್ದು. ಅವರ ಮರಣಾನಂತರ ಕೇಂದ್ರದ ಮಾಜಿ ಶಿಕ್ಷಣ ಸಚಿವ ಕೆ. ಎಲ್. ಶ್ರೀಮಾಲಿ ಆ ಸ್ಥಾನಕ್ಕೆ ಬಂದರು.