ಅಂಗೈ ಗಣಕದ ನಂಟರು

ನಂಟಸ್ತಿಕೆ ಬೆಳೆಸುವುದಕ್ಕೆ ಮೊದಲು ಮನೆತನ ವಿಚಾರಿಸುವುದು ನಮ್ಮ ನಾಡಿನ ಹಳೆಯ ವಾಡಿಕೆ. ಯಾವ ಊರು, ಯಾರ ಮಗ, ಕಸುಬು ಏನು ಎಂದು ಕೇಳಿ ತಿಳಿದ ಮೇಲೆಯೇ ಚಾಪೆ ಹಾಸುವುದು. ಗಣಕಯಂತ್ರಗಳ ಲೋಕದಲ್ಲಿ ಇಂಥದೇ ಒಂದು ವಾಡಿಕೆ 1996ರ ಜನವರಿಯಲ್ಲಿ ಕಟ್ಟುಪಾಡಾಗಿ ಜಾರಿಗೆ ಬಂತು. ಯು.ಎಸ್.ಬಿ. ಎಂಬ ಮೂರಕ್ಷರದ ಹೆಸರಿನಿಂದ ಇಂದು ಹೈಸ್ಕೂಲಿನ ಹುಡುಗರಿಗೂ ಪರಿಚಿತವಾದ ಆ ಕಟ್ಟುಪಾಡು ಹುಟ್ಟುವ ಮುಂಚೆ ಕೀಲಿಮಣೆಗೆ ಒಂದು ಕಿಂಡಿ, ಮೌಸಿಗೆ ಮತ್ತೊಂದು, ಮುದ್ರಣಯಂತ್ರಕ್ಕೆ ಅಗಲವಾದ ಇನ್ನೊಂದು, ಹೀಗೆ ಗಣಕಯಂತ್ರದ ಬೆನ್ನು ತೂತುಗಳ ಸಂತೆಯಾಗಿತ್ತು. 1994ರಲ್ಲಿ ಏಳು ಕಂಪನಿಗಳು ಕೂಡಿ ಎಲ್ಲಕ್ಕೂ ಒಂದೇ ಕಿಂಡಿ ಸಾಕೆಂದು ನಿಶ್ಚಯಿಸಿದವು. ಆ ಕೆಲಸದಲ್ಲಿ ಮುಂದೆ ನಿಂತವರಲ್ಲಿ ಒಬ್ಬರು ಇಂಟೆಲ್ ಕಂಪನಿಯಲ್ಲಿದ್ದ ಅಜಯ್ ಭಟ್. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು.

ಕಟ್ಟುಪಾಡಿನ ಒಳಗುಟ್ಟು ಸ್ವಾರಸ್ಯವಾಗಿದೆ. ಯಾವುದೇ ಉಪಕರಣವನ್ನು ಕಿಂಡಿಗೆ ಸಿಕ್ಕಿಸಿದೊಡನೆ ಅದರೊಳಗಿನ ಒಂದು ಪುಟ್ಟ ರೋಧಕ ತಂತಿಯೊಂದರ ವಿದ್ಯುತ್ ಮಟ್ಟವನ್ನು ಮೇಲಕ್ಕೆಳೆಯುತ್ತದೆ. ಅಂಗಳದಲ್ಲಿ ನಿಂತು ಕೆಮ್ಮಿದ ಹಾಗೆ! ಮನೆಯವನು ಅದನ್ನು ಗಮನಿಸಿ ಒಂದೊಂದಾಗಿ ಪ್ರಶ್ನೆ ಕೇಳುತ್ತಾನೆ: ನಿನ್ನನ್ನು ಮಾಡಿದವರು ಯಾರು, ನೀನು ಯಾವ ಜಾತಿಯ ಯಂತ್ರ, ನಿನಗೆ ಎಷ್ಟು ವಿದ್ಯುತ್ ಬೇಕು? ಉತ್ತರ ಒಪ್ಪಿಗೆಯಾದರೆ ಒಂದು ಅಂಕಿಯನ್ನು ಹೆಸರಾಗಿ ಇಟ್ಟು ಒಳಗೆ ಕರೆದುಕೊಳ್ಳುತ್ತಾನೆ. ಒಂದು ಮನೆಯಲ್ಲಿ ಹೀಗೆ 127 ಮಂದಿಗೆ ಜಾಗವುಂಟು. ಆದರೆ ಒಂದು ಷರತ್ತು: ಕೇಳದೆ ಯಾರೂ ಮಾತನಾಡಕೂಡದು. ಕೀಲಿಯೊಂದನ್ನು ನಾವು ಒತ್ತಿದಾಗ ಕೀಲಿಮಣೆ ತಾನಾಗಿ ಏನನ್ನೂ ಹೇಳುವುದಿಲ್ಲ. ಮನೆಯವನು ಕ್ಷಣಕ್ಷಣವೂ 'ಏನಾದರೂ ಉಂಟೇ?' ಎಂದು ಕೇಳುತ್ತಿರುತ್ತಾನೆ, ಆಗ ಅದು ಹೇಳುತ್ತದೆ.

ಇಂಜಿನಿಯರುಗಳು ಮಾತಿನಲ್ಲಿ ಈ ಎರಡು ಪಾತ್ರಗಳನ್ನು ಒಡೆಯ ಮತ್ತು ಆಳು ಎಂದೇ ಕರೆಯುತ್ತ ಬಂದರು. ಕಟ್ಟುಪಾಡಿನ ಗ್ರಂಥದಲ್ಲಿರುವ ಮಾತು ಬೇರೆ. ಅಲ್ಲಿ ಒಡೆಯನಿಗೆ 'ಹೋಸ್ಟ್', ಎಂದರೆ ಆತಿಥೇಯ, ಎಂದು ಹೆಸರು. ಕನ್ನಡದ ಮೇಷ್ಟರಾದ ನನಗೆ ಆತಿಥೇಯ ಎಂಬುದೇ ಒಪ್ಪುವ ಮಾತೆಂದು ತೋರುತ್ತದೆ. ಏಕೆಂದರೆ ಪ್ರಶ್ನೆ ಕೇಳುವವನು ಅವನೇ ಆದಂತೆ ಅನ್ನ ಹಾಕುವವನೂ ಅವನೇ. ಯು.ಎಸ್.ಬಿ. ತಂತಿಯ ನಾಲ್ಕು ಎಳೆಗಳಲ್ಲಿ ಎರಡು ಮಾತಿಗೆ, ಎರಡು ಊಟಕ್ಕೆ. ಐದು ವೋಲ್ಟಿನ ವಿದ್ಯುತ್ತನ್ನು ಆತಿಥೇಯನೇ ಒದಗಿಸಬೇಕು. ಮೊದಲು 100 ಮಿಲಿಆಂಪಿಯರ್, ವಿಚಾರಣೆ ಮುಗಿದ ಮೇಲೆ ಕೇಳಿದರೆ 500ರ ವರೆಗೆ.

ಗೋಡೆಯ ವಿದ್ಯುತ್ತನ್ನು ಉಣ್ಣುವ ಮೇಜಿನ ಗಣಕಕ್ಕೆ ಇದೇನೂ ಭಾರವಲ್ಲ. ಅಂಗೈಯಲ್ಲಿ ಹಿಡಿಯುವ ಗಣಕದ ಪಾಡು ಬೇರೆ. 1996ರಲ್ಲಿ ಅಮೆರಿಕದಲ್ಲಿ ಬಂದ ಪಾಮ್ ಕಂಪನಿಯ 'ಪೈಲಟ್' ಆಗಲಿ, 1999ರಲ್ಲಿ ಯು.ಎಸ್.ಬಿ. ತೊಟ್ಟಿಲಿನೊಡನೆ ಬಂದ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ 'ವೈಸರ್' ಆಗಲಿ, ಮೇಜಿನ ಗಣಕದ ಮುಂದೆ ಅತಿಥಿಗಳೇ. ಯಜಮಾನನ ಹತ್ತಿರ ಹೋಗಿ ತೊಟ್ಟಿಲಲ್ಲಿ ಕುಳಿತು, ತಾವು ಬರೆದಿಟ್ಟುಕೊಂಡ ವಿಳಾಸ, ಭೇಟಿಯ ವೇಳೆಗಳನ್ನು ಒಪ್ಪಿಸಿ ಬರುವುದಷ್ಟೆ ಅವುಗಳ ಕೆಲಸ. ಮೇಜಿನ ಗಣಕ ಮನೆಯಲ್ಲಿ ಇದ್ದೇ ಇರುತ್ತದೆಂದು ಅವನ್ನು ಮಾಡಿದವರು ನಂಬಿದ್ದರು. ಅಮೆರಿಕದಲ್ಲಿ ಅದು ತಪ್ಪು ನಂಬಿಕೆಯೂ ಆಗಿರಲಿಲ್ಲ.

ಬೆಂಗಳೂರಿನ ಕೆಲವರಿಗೆ ಮಾತ್ರ ಆ ನಂಬಿಕೆ ಒಪ್ಪಿಗೆಯಾಗಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ 1999ರಲ್ಲಿ ಲಾಭದ ಆಸೆಯಿಲ್ಲದ ಒಂದು ಟ್ರಸ್ಟನ್ನು ಸ್ಥಾಪಿಸಿದರು. ಅವರು ರೂಪಿಸಿದ 'ಸಿಂಪ್ಯೂಟರ್' 2001ರ ಏಪ್ರಿಲ್ 25ರಂದು ಬೆಂಗಳೂರಿನಲ್ಲಿ ಜನರ ಕಣ್ಣಿಗೆ ಬಿತ್ತು. ಸರಳ, ಅಗ್ಗ, ಬಹುಭಾಷೆಯದು ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಹೊಸೆದು ಮಾಡಿದ ಹೆಸರು ಅದು. ಬೆಲೆ 9,000 ರೂಪಾಯಿಯ ಸುತ್ತಮುತ್ತ ಇರಬೇಕೆಂಬುದು ಅವರ ಹವಣಿಕೆ. ಓದುಬರಹ ಬಾರದವನಿಗೂ ಯಂತ್ರ ಉಪಯೋಗಕ್ಕೆ ಬರಬೇಕೆಂದು, ಬರೆದದ್ದನ್ನು ಕನ್ನಡವೇ ಮೊದಲಾದ ಭಾಷೆಗಳಲ್ಲಿ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನೂ ಸಿದ್ಧಪಡಿಸಿದರು.

ಆ ಯಂತ್ರದಲ್ಲಿ ಗಮನಿಸತಕ್ಕ ವಸ್ತುಗಳು ಎರಡು. ಒಂದು ಕಾರ್ಡಿನ ಕಿಂಡಿ. ಹಳ್ಳಿಗೊಂದು ಯಂತ್ರ ಸಾಕು, ಆದರೆ ಮನುಷ್ಯನಿಗೊಂದು ಸ್ಮಾರ್ಟ್ ಕಾರ್ಡ್ ಇರಲಿ. ಯಂತ್ರ ಊರಿನದು, ಕಾರ್ಡು ತನ್ನದು. ಕಾರ್ಡನ್ನು ಸಿಕ್ಕಿಸಿದಾಗ ಯಂತ್ರ ಅವನನ್ನು ಗುರುತಿಸುತ್ತದೆ, ಕಿತ್ತುಕೊಂಡಾಗ ಮರೆಯುತ್ತದೆ. ತನ್ನ ಲೆಕ್ಕವನ್ನು ತಾನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಬಹುದೆಂಬ ಈ ಆಲೋಚನೆ, ನನ್ನ ದೃಷ್ಟಿಯಲ್ಲಿ, ಆ ಯಂತ್ರದ ಆತ್ಮವಾಗಿತ್ತು.

ಎರಡನೆಯದು ಯು.ಎಸ್.ಬಿ.ಯ ಸಂಗತಿ. ಸಿಂಪ್ಯೂಟರಿನ ಹೃದಯವಾಗಿದ್ದದ್ದು ಸ್ಟ್ರಾಂಗ್‌ಆರ್ಮ್ ಎಸ್.ಎ. 1110 ಎಂಬ ಚಿಪ್ಪು. ಅದರ ಒಡಲಲ್ಲಿ ಯು.ಎಸ್.ಬಿ. ಘಟಕವೇನೋ ಇತ್ತು, ಆದರೆ ಅದು ಅತಿಥಿಯಾಗಿ ವರ್ತಿಸಲು ಮಾತ್ರ ಬಲ್ಲದು. ಚಿಪ್ಪು ಮಾಡಿದವರೂ ಅಂಗೈ ಗಣಕವೆಂದರೆ ಇನ್ನೊಬ್ಬರ ಮನೆಗೆ ಹೋಗುವುದೇ ಎಂದುಕೊಂಡಿದ್ದರೆಂಬುದಕ್ಕೆ ಇದು ಸಾಕ್ಷಿ. ಆತಿಥೇಯನಾಗಬೇಕಾದರೆ ಬೇರೊಂದು ಚಿಪ್ಪನ್ನು ಹಲಗೆಯ ಮೇಲೆ ಕೂರಿಸಬೇಕು, ಅದಕ್ಕೆ ಹಣ, ಜಾಗ, ವಿದ್ಯುತ್ ಮೂರೂ ತೆರಬೇಕು. ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಹುಟ್ಟುಹಾಕಿದ ಪಿಕೊಪೇಟ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್‌ನೊಡನೆ ಕೂಡಿ 2004ರಲ್ಲಿ ಮಾರುಕಟ್ಟೆಗೆ ತಂದ 'ಅಮಿದಾ' ಸಿಂಪ್ಯೂಟರ್ ಆ ಬೆಲೆಯನ್ನು ತೆತ್ತಿತು. ಅದರಲ್ಲಿ ಎರಡು ಪಾತ್ರಗಳೂ ಇದ್ದವು: ಮೇಜಿನ ಗಣಕಕ್ಕೆ ಅತಿಥಿ, ಕೀಲಿಮಣೆಗೂ ಪೆನ್ ಡ್ರೈವಿಗೂ ಆತಿಥೇಯ.

ಆತಿಥೇಯನಾಗುವುದು ಸುಲಭದ ಕೆಲಸವಲ್ಲ. ಬಂದ ನಂಟನ ಭಾಷೆ ತಿಳಿದಿರಬೇಕು. ಪ್ರತಿ ಉಪಕರಣಕ್ಕೂ 'ಡ್ರೈವರ್' ಎಂಬ ದುಭಾಷಿ ತಂತ್ರಾಂಶ ಬೇಕು. ಸಿಂಪ್ಯೂಟರ್ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಅವಲಂಬಿಸಿದ್ದರಿಂದ ದುಭಾಷಿಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಬರೆದು ಸೇರಿಸಬಹುದಿತ್ತು. ಊಟದ ತೊಂದರೆಗೆ ಮಾತ್ರ ಅಂಥ ಪರಿಹಾರವಿರಲಿಲ್ಲ. ಸಿಂಪ್ಯೂಟರಿನ ಮೊದಲ ಮಾದರಿಗಳು ನಡೆದದ್ದು ಕಿರುಬೆರಳಿಗಿಂತ ಸಣ್ಣ ಮೂರು ಸೆಲ್ಲುಗಳ ಬಲದಿಂದ. ಅಂಥ ಮನೆಯಿಂದ 500 ಮಿಲಿಆಂಪಿಯರ್ ಕೇಳುವುದೆಂದರೆ ಬರಗಾಲದಲ್ಲಿ ಬೀಗರು ಬಂದಂತೆಯೇ! ಹಸಿವು ಹೆಚ್ಚಾದ ಉಪಕರಣವನ್ನು ಜೋಡಿಸಬೇಕಾದರೆ ತನ್ನದೇ ವಿದ್ಯುತ್ ಮೂಲವಿರುವ ಹಬ್ಬೊಂದನ್ನು ನಡುವೆ ಇಡಬೇಕು. ಹಾಗೆ ಇಟ್ಟ ಮೇಲೆ ಅಂಗೈ ಗಣಕ ಗೋಡೆಗೆ ಕಟ್ಟಿಬಿದ್ದಂತಾಯಿತು.

ಅಮಿದಾ ಗೆಲ್ಲಲಿಲ್ಲ. ಬಣ್ಣದ ಪರದೆಯ ಮಾದರಿಗೆ 20,000 ರೂಪಾಯಿಯ ಹತ್ತಿರ ಹತ್ತಿರ ಬೆಲೆ; ತೀರ ಅಗ್ಗದ್ದಕ್ಕೂ 9,950. ಮೊದಲ ವರ್ಷ 50,000 ಮಾರಬೇಕೆಂದಿದ್ದರು, ಹೋದದ್ದು ಸುಮಾರು 4,000. ಆ ವೇಳೆಗೆ ಮೊಬೈಲ್ ಫೋನು ಹಳ್ಳಿಯ ಬಾಗಿಲಿಗೆ ಬಂದಿತ್ತು. ಸೋಲಿನ ಕಾರಣಗಳನ್ನು ಪಟ್ಟಿಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ; ಅದರ ಚರ್ಚೆ ಇಲ್ಲಿ ಬೇಡ. ಸರಕಾರವೊಂದು ಮನಸ್ಸುಮಾಡಿ ಸಾವಿರಗಟ್ಟಲೆ ಕೊಂಡಿದ್ದರೆ ಬೆಲೆ ಇಳಿಯುತ್ತಿತ್ತೆಂಬುದು ಮಾತ್ರ ನನ್ನ ಅಭಿಪ್ರಾಯ. ಕರ್ನಾಟಕದಲ್ಲಿ ಭೂದಾಖಲೆಗಳ ಕೆಲಸಕ್ಕೆ ಅದನ್ನು ಪ್ರಯೋಗಿಸಿ ನೋಡಿದ್ದುಂಟು. ಪ್ರಯೋಗ ಪ್ರಯೋಗವಾಗಿಯೇ ಉಳಿಯಿತು.

ಭೂದಾಖಲೆ ಎಂದಾಗ ನಮ್ಮ ಸೀಮೆಯವರಿಗೆ ಒಂದು ಹಳೆಯ ನೋವು ನೆನಪಾಗುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳು 1948ರ ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಆಡಳಿತದ ಭಾಷೆ ಉರ್ದು. ಕನ್ನಡ ಬಿಟ್ಟು ಬೇರೆ ಅರಿಯದ ಒಕ್ಕಲಿಗ ತನ್ನ ಹೊಲದ ಪಹಣಿಯಲ್ಲಿ ಏನಿದೆಯೆಂಬುದನ್ನು ಪಟವಾರಿಯ ಬಾಯಿಂದಲೇ ತಿಳಿಯಬೇಕು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಲಿಪಿ ಬದಲಾಯಿತು. ದಫ್ತರದ ಗಂಟು ಮಾತ್ರ ಗಂಟಾಗಿಯೇ ಇತ್ತು. 'ಭೂಮಿ' ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿ, 2002ರ ಹೊತ್ತಿಗೆ 177 ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುವಂತಾದದ್ದು ಸಣ್ಣ ಸಾಧನೆಯಲ್ಲ. ದಾಖಲೆ ತಿದ್ದುವ ನೌಕರನ ಬೆರಳಚ್ಚನ್ನು ಯಂತ್ರ ಪರೀಕ್ಷಿಸುತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅಂದು ಬೆರಳಿಟ್ಟು ತಾನು ಯಾರೆಂದು ಸಾಬೀತುಪಡಿಸಬೇಕಾಗಿದ್ದವನು ಅಧಿಕಾರಿ, ರೈತನಲ್ಲ.

ಇತ್ತ ಯು.ಎಸ್.ಬಿ. ಕಟ್ಟುಪಾಡು ಮಾಡಿದವರಿಗೂ ಅಂಗೈ ಯಂತ್ರಗಳ ಕಷ್ಟ ಅರಿವಾಗಿತ್ತು. 2001ರ ಡಿಸೆಂಬರಿನಲ್ಲಿ 'ಆನ್ ದಿ ಗೋ' ಎಂಬ ಅನುಬಂಧವನ್ನು ಹೊರಡಿಸಿದರು, ಓ.ಟಿ.ಜಿ. ಕೇಬಲ್ ಎಂದು ಅಂಗಡಿಗಳಲ್ಲಿ ಸಿಗುವ ಗಿಡ್ಡ ತಂತಿಯ ಮೂಲ ಇದೇ. ಉಪಾಯ ಬಲು ಸರಳ. ನಾಲ್ಕು ಎಳೆಗಳ ಜತೆಗೆ ಐದನೆಯ ಒಂದು ಪಿನ್ನು. ಕೇಬಲ್ಲಿನ ತುದಿಯಲ್ಲಿ ಆ ಪಿನ್ನನ್ನು ಭೂಮಿತಂತಿಗೆ ಸೇರಿಸಿದ್ದರೆ ಅದನ್ನು ಕಚ್ಚಿದ ಯಂತ್ರ ಆತಿಥೇಯ, ಸೇರಿಸದೆ ಬಿಟ್ಟಿದ್ದರೆ ಅತಿಥಿ. ಬಡವನ ಮನೆಯ ಊಟಕ್ಕೂ ರಿಯಾಯಿತಿ ಸಿಕ್ಕಿತು: ಅಂಗೈ ಯಂತ್ರ ಕನಿಷ್ಠ 8 ಮಿಲಿಆಂಪಿಯರ್ ಕೊಟ್ಟರೂ ಆದೀತು. 2011ರಲ್ಲಿ ಆಂಡ್ರಾಯ್ಡಿನ 3.1ನೆಯ ಆವೃತ್ತಿ ಬಂದ ಮೇಲೆ ಫೋನುಗಳು ಆತಿಥೇಯರಾಗುವುದು ಸಾಮಾನ್ಯವಾಯಿತು. ಬೆಂಗಳೂರಿನವರು ಏಳು ವರ್ಷ ಮುಂಚೆ ಮಾಡಿ ತೋರಿಸಿದ್ದು ಹೀಗೆ ಊರೂರಿಗೆ ಬಂತು. ಬಂದು ಸೇರಿದ ನಂಟ ಮಾತ್ರ ಅವರು ನಿರೀಕ್ಷಿಸಿದವನಾಗಿರಲಿಲ್ಲ.

ಯಾದಗಿರಿಗೆ ಸಮೀಪದ ಅಬ್ಬೆತುಮಕೂರು ವಿಶ್ವಾರಾಧ್ಯರ ಮಠದಿಂದ ಹೆಸರಾದ ಊರು. ಅಲ್ಲಿನ ಕಟ್ಟೆಯೊಂದರ ಮೇಲೆ ಇತ್ತೀಚೆಗೆ ಕಂಡ ದೃಶ್ಯ ಇಂದು ಯಾವ ಹಳ್ಳಿಯಲ್ಲಿಯಾದರೂ ಕಾಣತಕ್ಕದ್ದೇ. ವೃದ್ಧಾಪ್ಯ ವೇತನ ಪಡೆಯಲು ಬಂದ ಮುದುಕಿ, ಫೋನು ಹಿಡಿದ ಹುಡುಗ, ಫೋನಿನಿಂದ ಜೋತ ಗಿಡ್ಡ ತಂತಿ, ತಂತಿಯ ತುದಿಗೆ ಬೆರಳಚ್ಚು ಓದುವ ಪುಟ್ಟ ಪೆಟ್ಟಿಗೆ.

"ಯವ್ವಾ, ಬೆರಳು ಒರಸಿ ಇನ್ನೊಮ್ಮೆ ಇಡು."

"ಇಟ್ಟೀನೋ ಯಪ್ಪಾ. ಮುಂಜಾನಿಂದ ಅದನ್ನ ಮಾಡ್ಲಾಕತ್ತೀನಿ. ಕಳೆ ಕಿತ್ತು ಕಿತ್ತು ಸವದ ಬೆರಳು ಇವು, ಗೆರಿ ಎಲ್ಲಿ ಉಳದಾವ?"

ಮೂರು ಸಲ ಆಗಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯ ದೀಪ ಆರಿತು; ಫೋನಿನ ಬ್ಯಾಟರಿ ಬತ್ತಿತ್ತು. ಫೋನಿಗೆ ಇರುವುದು ಒಂದೇ ಬಾಯಿ. ಸಾಮಾನ್ಯ ಕೇಬಲ್ಲಿನಲ್ಲಿ ನಂಟನಿಗೆ ಉಣಿಸುತ್ತಿರುವಾಗ ತಾನು ಉಣ್ಣುವಂತಿಲ್ಲ. ತಾನು ಉಣ್ಣಬೇಕಾದರೆ ನಂಟನನ್ನು ಎಬ್ಬಿಸಿ ಕಳಿಸಬೇಕು. 2014ರಲ್ಲಿ ಬಂದ ಸಿ ನಮೂನೆಯ ಕಿಂಡಿ ತಕ್ಕ ಹಬ್ಬನ್ನು ನಡುವೆ ಇಟ್ಟರೆ ಈ ತೊಡಕನ್ನು ಬಿಡಿಸಬಲ್ಲದು. ಹುಡುಗನ ಹತ್ತಿರ ಹಬ್ಬು ಇರಲಿಲ್ಲ. ತಂತಿ ಕಿತ್ತು, ಪಕ್ಕದ ಅಂಗಡಿಯಲ್ಲಿ ಫೋನನ್ನು ಚಾರ್ಜಿಗೆ ಹಾಕಿ ಬಂದ. ಮುದುಕಿ ಸೆರಗಿನಿಂದ ಬೆರಳು ತಿಕ್ಕುತ್ತ ಕುಳಿತಳು.

ಕಾಯುತ್ತ ಕುಳಿತಾಗ ನನಗೆ ಹೊಳೆದದ್ದು ಆತಿಥ್ಯದ ನಿಯಮ ತಲೆಕೆಳಗಾದ ಬಗೆ. 2017ರಿಂದ ಆಧಾರ್ ಕೆಲಸದ ಬೆರಳಚ್ಚು ಉಪಕರಣಗಳು ನೋಂದಣಿಯಾದವೇ ಆಗಿರಬೇಕು. ಉಪಕರಣದ ಜತೆಗೆ ಬರುವ ತಂತ್ರಾಂಶವೇ ಬೆರಳಚ್ಚಿಗೆ ಮುದ್ರೆ ಹಾಕಿ ಮುಚ್ಚಿಡುತ್ತದೆ. ಹಣ ಪಾವತಿಯ ಕೆಲಸಕ್ಕೆ ಹುಡುಗ ತೆರೆದಿರುವ ತಂತ್ರಾಂಶ ಆ ಲಕೋಟೆಯನ್ನು ಒಡೆದು ನೋಡುವಂತಿಲ್ಲ, ದೂರದ ಗಣಕಕ್ಕೆ ಒಯ್ದು ಮುಟ್ಟಿಸಬೇಕು. ಬೆರಳ ಗುರುತು ಕಳವಾಗದಿರಲೆಂದು ಮಾಡಿದ ಏರ್ಪಾಡು ಇದು. ಅದರ ಅಗತ್ಯವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕೆಮ್ಮಿ ಕಾದು, ಕೇಳಿದ್ದಕ್ಕಷ್ಟೇ ಉತ್ತರಿಸಬೇಕಾಗಿದ್ದ ಅತಿಥಿ ಈಗ ಮನೆಯವನು ಓದಲಾರದ ಓಲೆಯನ್ನು ಹೊತ್ತು ನಿಂತಿದ್ದಾನೆ. ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವಳು ಕಟ್ಟೆಯ ಮೇಲಿನ ಮುದುಕಿ.

ನಾಲ್ಕನೆಯ ಸಲ ಬೇರೊಂದು ಬೆರಳಿಟ್ಟಾಗ ಪೆಟ್ಟಿಗೆ ಒಪ್ಪಿತು. ಹುಡುಗ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟ. ಅವನ್ನು ಕಟ್ಟಿಕೊಳ್ಳಲೆಂದು ಆಕೆ ಸೆರಗಿನ ಗಂಟು ಬಿಚ್ಚಿದಾಗ ಒಳಗೆ ಎಲೆ ಅಡಕೆಯ ಜತೆಗೆ ಬ್ಯಾಂಕಿನವರು ಕೊಟ್ಟ, ಚಿಪ್ಪು ಹೊಳೆಯುವ ಒಂದು ಕಾರ್ಡೂ ಇತ್ತು. ಅದನ್ನು ಓದುವ ಕಿಂಡಿ ಆ ಫೋನಿನಲ್ಲಿರಲಿಲ್ಲ.